ಈಗಿನ ಮಕ್ಕಳ ಮೈ ನಿಜಕ್ಕೂ ಮೊದಲಿನಷ್ಟು ಬಗ್ಗುವುದಿಲ್ಲವೇ?

ನಿಮ್ಮ 13 ವರ್ಷದ ಮಗನಿಗೆ ಬಗ್ಗಿ ಕಾಲ್ಬೆರಳು ಮುಟ್ಟಲು ಆಗುತ್ತಿಲ್ಲ, ನಿಮ್ಮ ಶಾಲಾ ದಿನಗಳಲ್ಲಿ ಅದು ಯಾರಿಗೂ ಕಷ್ಟವಿರಲಿಲ್ಲ, ಹಾಗಾದರೆ ಮಕ್ಕಳ ಮೈ ತಲೆಮಾರಿನಿಂದ ತಲೆಮಾರಿಗೆ ಬಿಗಿಯಾಗುತ್ತಿದೆಯೇ ಅಂತ ಕೇಳಿದ್ದೀರಿ.

ಓಟದ ದಮ್ಮಿನ ಬಗ್ಗೆ ಕೇಳಿದ್ದರೆ ತಕ್ಷಣ ಹೌದು ಅನ್ನುತ್ತಿದ್ದೆ. 1980ರ ದಶಕದ ಮಕ್ಕಳಿಗಿಂತ ಆಮೇಲಿನವರು ಹಿಂದೆ ಬಿದ್ದಿರುವುದು ಹಲವು ದೇಶಗಳ ಅಳತೆಗಳಲ್ಲಿ ಕಾಣುತ್ತದೆ. ಮೈ ಬಗ್ಗುವ ವಿಷಯ ಅಷ್ಟು ನೇರವಲ್ಲ. ಈ ದೂರೂ ಹೊಸದಲ್ಲ. ಹೊಟ್ಟೆ, ಬೆನ್ನಿನ ಸ್ನಾಯುಗಳ ಕನಿಷ್ಠ ಬಲವನ್ನೂ ಮೈ ಬಗ್ಗುವುದನ್ನೂ ನೋಡುವ ಕ್ರೌಸ್–ವೆಬರ್ ಪರೀಕ್ಷೆಯ ಫಲಿತಾಂಶ 1954ರಲ್ಲಿ ಹೊರಬಂದಾಗ ಅಮೆರಿಕದ ಅರ್ಧಕ್ಕಿಂತ ಹೆಚ್ಚು ಮಕ್ಕಳು ಫೇಲಾಗಿದ್ದರು, ಯುರೋಪಿನವರಲ್ಲಿ ಫೇಲಾದವರು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ. ಅಮೆರಿಕದ ಮಕ್ಕಳು ಹೆಚ್ಚಾಗಿ ಎಡವಿದ್ದು ನೆಲ ಮುಟ್ಟುವುದರಲ್ಲೇ. ಅವರೆಲ್ಲ ಈಗ ಅಜ್ಜ ಅಜ್ಜಿಯರು!

ತಲೆಮಾರುಗಳನ್ನು ಹೋಲಿಸುವಾಗ ಮೊದಲು ಕೈಕೊಡುವುದು ಅಳತೆಯೇ. ಕಾಲು ಚಾಚಿ ಕುಳಿತು ಪೆಟ್ಟಿಗೆಯ ಮೇಲೆ ಕೈ ಜಾರಿಸುವ ಪರೀಕ್ಷೆಯಲ್ಲಿ ಪಾದದ ಗೆರೆಯನ್ನು ಕೆಲವರು 15 ಸೆಂ.ಮೀ. ಎಂದು ಗುರುತಿಸಿದರೆ ಕೆಲವರು 23 ಎಂದು ಗುರುತಿಸುತ್ತಾರೆ. ಅದೇ ಮಗು, ಅದೇ ಬಾಗು, ಆದರೆ 8 ಸೆಂ.ಮೀ. ವ್ಯತ್ಯಾಸ. ಜಪಾನಿನಲ್ಲಿ 1964ರಿಂದ ನಿಂತು ಬಗ್ಗಿಸಿ ಅಳೆಯುತ್ತಿದ್ದರು, 1999ರ ಹೊಸ ಪರೀಕ್ಷೆಯಲ್ಲಿ ಕೂರಿಸಿ ಅಳೆಯತೊಡಗಿದರು. ಈ ಎರಡನ್ನೂ ಒಂದೇ ಗೆರೆಯಲ್ಲಿ ಜೋಡಿಸಿ ಏರಿತು ಇಳಿಯಿತು ಅನ್ನುವುದು ತಪ್ಪು.

ಎರಡನೆಯದು ಕಾಲಿನ ಉದ್ದ, ನಿಮ್ಮ ಮಗನಿಗೆ ಮುಖ್ಯವಾಗಿ ಅನ್ವಯಿಸುವುದು ಇದೇ. ಬೆಳವಣಿಗೆಯ ಜಿಗಿತ ಹುಡುಗಿಯರಲ್ಲಿ ಸುಮಾರು 12ಕ್ಕೆ, ಹುಡುಗರಲ್ಲಿ ಸುಮಾರು 14ಕ್ಕೆ ತುದಿ ಮುಟ್ಟುತ್ತದೆ. ಆಗ ಮೊದಲು ಉದ್ದವಾಗುವುದು ಕಾಲು, ಮುಂಡ ಆಮೇಲೆ. ಸ್ನಾಯು ಒಂದಿಷ್ಟೂ ಬಿಗಿಯಾಗದಿದ್ದರೂ ಬೆರಳು ಪಾದದಿಂದ ದೂರವೇ ಉಳಿಯುತ್ತದೆ. ಅನೇಕ ದೇಶಗಳಲ್ಲಿ ಮಕ್ಕಳು ಹಿಂದಿನ ತಲೆಮಾರಿಗಿಂತ ಎತ್ತರವಾಗಿದ್ದಾರೆ, ಆ ಹೆಚ್ಚುವರಿ ಎತ್ತರದಲ್ಲಿ ಕಾಲಿನ ಪಾಲು ದೊಡ್ಡದು. ಹಾಗಾಗಿ ಕಾಲ್ಬೆರಳು ಮುಟ್ಟುವುದೊಂದನ್ನೇ ನೋಡಿ ತೀರ್ಪು ಕೊಡಬೇಡಿ.

ಮನೆಯಲ್ಲಿ ಹೀಗೆ ಅಳೆಯಿರಿ. ಐದು ನಿಮಿಷ ನಡೆದು ಮೈ ಬಿಸಿಯಾದ ಮೇಲೆ ಬರಿಗಾಲಲ್ಲಿ ಗೋಡೆಗೆ ಬೆನ್ನು, ಪೃಷ್ಠ ಎರಡೂ ತಾಗುವಂತೆ ಕೂರಿಸಿ ಕಾಲು ನೇರ ಚಾಚಿಸಿ. ಬೆನ್ನು ಗೋಡೆ ಬಿಡದಂತೆ ಕೈ ಮುಂದೆ ಚಾಚಿದಾಗ ಬೆರಳ ತುದಿ ಬರುವ ಜಾಗಕ್ಕೆ ನೆಲದ ಮೇಲೆ ಗುರುತು ಹಾಕಿ. ಈಗ ನಿಧಾನಕ್ಕೆ ಬಗ್ಗಿ ಎರಡು ಸೆಕೆಂಡು ನಿಲ್ಲಲಿ, ಅಲ್ಲಿಗೆ ಎರಡನೇ ಗುರುತು. ಎರಡರ ನಡುವಿನ ದೂರವೇ ಅಳತೆ. ಕೈಕಾಲಿನ ಉದ್ದದ ಗೊಂದಲ ಇದರಲ್ಲಿ ಬಹುಪಾಲು ಕಳೆದುಹೋಗುತ್ತದೆ. ಮಂಡಿ ಮೇಲೆದ್ದರೆ, ಜೋಲಿ ಹೊಡೆದು ಮುಟ್ಟಿದರೆ ಲೆಕ್ಕಕ್ಕಿಲ್ಲ. ತಿಂಗಳಿಗೊಮ್ಮೆ, ದಿನದ ಅದೇ ಹೊತ್ತಿನಲ್ಲಿ ಸಾಕು, ಏಕೆಂದರೆ ಬೆಳಿಗ್ಗೆ ಎದ್ದ ಕೂಡಲೇ ಎಲ್ಲರ ಮೈಯೂ ಬಿಗಿ.

ಬಗ್ಗುವಾಗ ಪಕ್ಕದಿಂದಲೂ ನೋಡಿ. ಸೊಂಟ ಮುಂದಕ್ಕೆ ವಾಲದೆ ಬೆನ್ನು ಮಾತ್ರ ಬಿಲ್ಲಿನಂತೆ ಬಾಗಿದರೆ ಬಿಗಿ ಇರುವುದು ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳಲ್ಲಿ. ಅಂಗಾತ ಮಲಗಿಸಿ ಒಂದು ಕಾಲನ್ನು ಮಂಡಿ ಮಡಿಸದೆ ಎತ್ತಿದಾಗ 70 ಡಿಗ್ರಿಯ ಸುತ್ತಮುತ್ತಲೂ ಬರದಿದ್ದರೆ ಅದು ಖಚಿತ.

ನನ್ನನ್ನು ಕೇಳಿದರೆ ಬೆರಳಿಗಿಂತ ಕುಕ್ಕರಗಾಲಿನ ಕಡೆ ಹೆಚ್ಚು ಗಮನ ಕೊಡಬೇಕು. ದಿನವಿಡೀ ಕುರ್ಚಿಯಲ್ಲಿ ಕೂರುವ ಮಗುವಿನ ಪಾದದ ಕೀಲಿಗಾಗಲಿ ಸೊಂಟದ ಕೀಲಿಗಾಗಲಿ ಪೂರ್ತಿ ಮಡಚುವ ಸಂದರ್ಭವೇ ಬರುವುದಿಲ್ಲ, ಬಳಸದ ಚಲನೆ ಕುಗ್ಗುತ್ತದೆ. ಹಿಮ್ಮಡಿ ನೆಲ ಬಿಡದೆ ಅವನಿಗೆ ಕುಕ್ಕರಗಾಲಲ್ಲಿ ಕೂರಲು ಆಗುತ್ತದೆಯೇ ನೋಡಿ. ಆಗದಿದ್ದರೆ ಗೋಡೆಯಿಂದ ಕಾಲಿನ ಹೆಬ್ಬೆರಳು ಸ್ವಲ್ಪ ದೂರವಿಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸಲು ಹೇಳಿ. ದೊಡ್ಡವರಲ್ಲಿ ಸಾಮಾನ್ಯವಾಗಿ 10 ಸೆಂ.ಮೀ. ಹತ್ತಿರ ದೂರವಿದ್ದರೂ ಮುಟ್ಟುತ್ತದೆ. ಮಗುವಿನಲ್ಲಿ ಆ ಅಂಕಿಗಿಂತ ಎಡ–ಬಲದ ವ್ಯತ್ಯಾಸವೇ ಹೆಚ್ಚು ಹೇಳುತ್ತದೆ.

ಅಭ್ಯಾಸ ಸರಳ. ವಾರಕ್ಕೆ ಮೂರು ದಿನವಾದರೂ, ಆಟ ಮುಗಿದ ಮೇಲೆ, ಒಂದು ಕಾಲು ಚಾಚಿ ಇನ್ನೊಂದು ಮಡಿಸಿ ಕೂತು ಸೊಂಟದಿಂದ ಬಾಗಬೇಕು. ಸೆಳೆತ ಗೊತ್ತಾಗಬೇಕು, ನೋವು ಬರಬಾರದು. 20ರಿಂದ 30 ಸೆಕೆಂಡು, ಪ್ರತಿ ಕಾಲಿಗೆ ಮೂರು ಸಲ. ಮೀನಖಂಡಕ್ಕೂ ಅಷ್ಟೇ, ಗೋಡೆಗೆ ಕೈ ಊರಿ ಹಿಂದಿನ ಹಿಮ್ಮಡಿ ಒತ್ತಿ ನಿಲ್ಲುವುದು. ಮೊದಲ ಕೆಲವು ವಾರಗಳಲ್ಲಿ ಕಾಣುವ ಸುಧಾರಣೆ ಬಹುಮಟ್ಟಿಗೆ ಸೆಳೆತವನ್ನು ತಾಳಿಕೊಳ್ಳುವ ಶಕ್ತಿಯದು, ಸ್ನಾಯು ಉದ್ದವಾಗಿದ್ದಲ್ಲ. ಅದಕ್ಕೇ ನಿಲ್ಲಿಸಿದರೆ ಬೇಗ ಹೋಗುತ್ತದೆ. ಹೋಂವರ್ಕನ್ನು ನೆಲದ ಮೇಲೆ ಕೂತು, ಭಂಗಿ ಬದಲಿಸುತ್ತ ಮಾಡಿಸಿದರೂ ಕೀಲುಗಳಿಗೆ ಕೆಲಸ ಸಿಗುತ್ತದೆ.

ಹಿಂದಿನಿಂದ ಬೆನ್ನು ಅದುಮಿ ಬಗ್ಗಿಸುವುದು ಮಾತ್ರ ಬೇಡವೇ ಬೇಡ. ಈ ವಯಸ್ಸಿನಲ್ಲಿ ಸ್ನಾಯು ಅಂಟಿಕೊಂಡಿರುವ ಜಾಗದ ಮೂಳೆ ಇನ್ನೂ ಎಳಸು, ಜೋರಾಗಿ ಜಗ್ಗಿದರೆ ಅದೇ ಕಿತ್ತುಬರಬಹುದು. ಮಂಡಿಚಿಪ್ಪಿನ ಕೆಳಗೆ ಅಥವಾ ಹಿಮ್ಮಡಿಯಲ್ಲಿ ಒತ್ತಿದರೆ ನೋಯುತ್ತಿದ್ದರೆ, ಒಂದೇ ಕಾಲು ಬಿಗಿಯಾಗಿದ್ದರೆ, ಬಗ್ಗುವಾಗ ಬೆನ್ನು ಒಂದು ಕಡೆಗೆ ಉಬ್ಬಿದಂತೆ ಕಂಡರೆ ವ್ಯಾಯಾಮ ಬಿಟ್ಟು ಮೊದಲು ಮೂಳೆ ವೈದ್ಯರಿಗೆ ತೋರಿಸಿ.