ವಿಶ್ವಾಸ ತೂಗಬೇಡಿ, ಹೋಗಿ ಪಕ್ಕದಲ್ಲಿ ಕೂರಿ

ರಾಯಚೂರಿನ ಓದುಗರೊಬ್ಬರು ಬರೆದಿದ್ದಾರೆ: "ನನ್ನ ಗೆಳೆಯನ ಎರಡೂ ಕಿಡ್ನಿ ಹೋಗಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ನಮ್ಮ ಸಭೆಯವರು ದಿನಾ ರಾತ್ರಿ ಫೋನಿನಲ್ಲೇ ಸೇರಿ ಅವನಿಗಾಗಿ ಪ್ರಾರ್ಥನೆ ಮಾಡುತ್ತೇವೆ. ಅವನು ಮಾತ್ರ ಪೂರ್ತಿ ಕುಗ್ಗಿದ್ದಾನೆ. ಚರ್ಚಿಗೆ ಬರುವುದಿಲ್ಲ, ಆಮೆನ್ ಕೂಡ ಹೇಳುವುದಿಲ್ಲ. ವಿಶ್ವಾಸ ಸಾಲದು, ಅದಕ್ಕೇ ಗುಣವಾಗುತ್ತಿಲ್ಲ ಎಂದು ಕೆಲವರು ಹೇಳುತ್ತಾರೆ. ಅವನಿಗೆ ಇದನ್ನು ತಿಳಿಸಿ ಹೇಳಬೇಕೇ?"

ಬೇಡ. ಯಾವ ಕಾರಣಕ್ಕೂ ಹೇಳಬೇಡಿ.

ರಾತ್ರಿ ಎಲ್ಲರೂ ಸೇರಿ ಪ್ರಾರ್ಥಿಸುತ್ತಿದ್ದೀರಲ್ಲ, ಒಳ್ಳೆಯದು. ದುಡಿಯಲು ದೂರದ ಊರಿಗೆ ಹೋದವರಿಗೆ ಬೇರೆ ದಾರಿಯೂ ಇಲ್ಲ. ಅದು ನಡೆಯಲಿ. ಆದರೆ ನೀವು ಇರುವುದು ಗೆಳೆಯನ ಊರಿನಲ್ಲೇ, ಅಲ್ವಾ? ಅವನ ಮನೆಗೆ ಹೋಗಿ ಎಷ್ಟು ದಿನವಾಯಿತು? ಇಡೀ ಪತ್ರದಲ್ಲಿ ಅದರ ಮಾತೇ ಇಲ್ಲ.

ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯ ತೆಗೆಯಿರಿ. ಕಪೆರ್ನೌಮಿನಲ್ಲಿ ನಾಲ್ವರು ಸೇರಿ ಕೈಕಾಲು ಬಿದ್ದುಹೋದವನನ್ನು ಹೊತ್ತು ತಂದರು. ಬಾಗಿಲಲ್ಲಿ ಜನ ಕಿಕ್ಕಿರಿದಿದ್ದರು. ಮಾಳಿಗೆ ಹತ್ತಿ, ಚಾವಣಿ ಕಿತ್ತು, ಹಾಸಿಗೆ ಸಮೇತ ಕೆಳಗಿಳಿಸಿದರು. ಯೇಸು ನೋಡಿದ್ದು ಹೊತ್ತು ತಂದವರ ನಂಬಿಕೆಯನ್ನು. ಮಲಗಿದ್ದವನು ಒಂದು ಮಾತಾಡಿದ ಎಂದೂ ಅಲ್ಲಿ ಬರೆದಿಲ್ಲ. ನಿಮ್ಮ ಗೆಳೆಯನಿಗೆ ಈಗ ನಂಬುವ ಶಕ್ತಿ ಇಲ್ಲದಿದ್ದರೆ ಅವನ ಪಾಲಿನದನ್ನೂ ನೀವೇ ನಂಬಿ. ಗೆಳೆಯರು ಇರುವುದು ಮತ್ತೇತಕ್ಕೆ?

ಪ್ರವಾದಿ ಎಲೀಯ "ಸಾಕು, ನನ್ನ ಪ್ರಾಣ ತೆಗೆದುಕೋ" ಎಂದು ಗಿಡದ ಕೆಳಗೆ ಬಿದ್ದುಕೊಂಡಾಗ ದೇವದೂತ ಬುದ್ಧಿ ಹೇಳಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಊರೂರಿಗೆ ಸುವಾರ್ತೆ ಸಾರಿದ ಪೌಲ ತನ್ನ ಶರೀರದ ಮುಳ್ಳು, ಅಂದರೆ ಬಿಡದೆ ಕಾಡುತ್ತಿದ್ದ ನೋವು, ಹೋಗಲಿ ಎಂದು ಮೂರು ಸಲ ಬೇಡಿಕೊಂಡ. ಅದು ಹೋಗಲೇ ಇಲ್ಲ. ಪೌಲನ ವಿಶ್ವಾಸ ಕಡಿಮೆ ಅನ್ನುವ ಧೈರ್ಯ ಯಾರಿಗಿದೆ?

ನಮ್ಮ ಸೀಮೆಗೆ ಈ ಕತೆಗಳು ಹೊಸವಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಮಿಶನರಿ ಜಾನ್ ಹ್ಯಾಂಡ್ಸ್ ವರ್ಷಗಟ್ಟಲೆ ಕೂತು ಸತ್ಯವೇದವನ್ನು, ಅಂದರೆ ಬೈಬಲನ್ನು, ಕನ್ನಡಕ್ಕೆ ತಂದರು. ಹೆಚ್ಚುಕಡಿಮೆ ಇನ್ನೂರು ವರ್ಷದಿಂದ, ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಕತೆ ನಮ್ಮ ಭಾಷೆಯಲ್ಲೇ ಇದೆ. ಆದರೂ ನಾವು ಯೋಬನ ಗೆಳೆಯರ ತಪ್ಪನ್ನೇ ಮಾಡುತ್ತೇವೆ. ಆ ಮೂವರು ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತಿದ್ದರು. ಅಲ್ಲಿಯವರೆಗೆ ಅವರಷ್ಟು ಒಳ್ಳೆಯ ಗೆಳೆಯರಿಲ್ಲ. ಬಾಯಿ ತೆರೆದು "ನೀನೇ ಏನೋ ತಪ್ಪು ಮಾಡಿರಬೇಕು" ಎಂದು ಶುರುಮಾಡಿದರು ನೋಡಿ, ಎಲ್ಲ ಕೆಟ್ಟಿತು. ಕೊನೆಗೆ ದೇವರು ಸಿಟ್ಟಾಗಿದ್ದು ಅವರ ಮೇಲೆ.

2006ರಲ್ಲಿ ಅಮೆರಿಕದ ವೈದ್ಯರು ಪ್ರಾರ್ಥನೆಯ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಹೃದಯದ ಬೈಪಾಸ್ ಆದ 1,802 ರೋಗಿಗಳು ಅದರಲ್ಲಿದ್ದರು. ಕೆಲವರಿಗಾಗಿ ಗುರುತು ಪರಿಚಯವಿಲ್ಲದವರು ದೂರದಿಂದ ಪ್ರಾರ್ಥಿಸಿದರು. ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ಎಂದು ಗೊತ್ತಿಲ್ಲದವರಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ನಿಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ಗೊತ್ತಿದ್ದವರಲ್ಲಿ ತೊಡಕುಗಳು ತುಸು ಜಾಸ್ತಿಯೇ ಆದವು. ಇದನ್ನು ಓದಿ ನನ್ನ ನಂಬಿಕೆ ಅಲುಗಲಿಲ್ಲ. ಆ ಪ್ರಾರ್ಥನೆಯಲ್ಲಿ ಯಾರೂ ಯಾರ ಕೈಯನ್ನೂ ಹಿಡಿದಿರಲಿಲ್ಲ.

ನನ್ನ ಸಂಕಟ ಇನ್ನೂ ದೊಡ್ಡದು. ದೇವರು ಮಾಡಿದ ಉಪಕಾರವನ್ನು ಸಭೆಯ ಮುಂದೆ ಸಾಕ್ಷಿ ಹೇಳಲು ಮೈಕು ಸಿಗುವುದು ಗುಣವಾದವರಿಗೆ ಮಾತ್ರ. ಗುಣವಾಗದವನು ಭಾನುವಾರ ಎಲ್ಲಿ ನಿಲ್ಲಬೇಕು? ಮಾತ್ರೆ ಬಿಡಿಸಿ ಎಣ್ಣೆ ಕೊಡುವವರೂ ಇದ್ದಾರೆ. ಸಭೆಯ ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿಸಿಕೊಳ್ಳಿ ಎಂದು ಬೈಬಲಿನಲ್ಲಿ ಯಾಕೋಬ ಬರೆದದ್ದು ನಿಜ. ಔಷಧಿ ಬಿಸಾಡಿ ಎಂದು ಎಲ್ಲೂ ಬರೆದಿಲ್ಲ. ಪೌಲನ ಜೊತೆಗಿದ್ದ ಲೂಕನೇ ವೈದ್ಯ. ಇದು ನಮ್ಮ ಸಭೆಗಳದ್ದಷ್ಟೇ ರೋಗವಲ್ಲ. ಗುಡಿಗೆ ಹೋಗುವವರೂ ದರ್ಗಾಕ್ಕೆ ಹೋಗುವವರೂ ಈಗ ಕಾಯಿಲೆ ಬಿದ್ದವರಿಗೆ ಮೊಬೈಲಿನಲ್ಲಿ ಕೈಮುಗಿದ ಚಿತ್ರ ಕಳಿಸಿ ಮುಗಿಸುತ್ತಾರೆ. ಮೊದಲು ನಮ್ಮ ಓಣಿಗಳಲ್ಲಿ ಹೀಗಿರಲಿಲ್ಲ. ಒಬ್ಬರು ಮಲಗಿದರೆ ನಾಲ್ಕು ಮನೆಯಿಂದ ಗಂಜಿ ಬರುತ್ತಿತ್ತು.

ಹಾಗಾಗಿ ಮುಂದಿನ ಡಯಾಲಿಸಿಸ್ ದಿನ ನೀವೇ ಜೊತೆಗೆ ಹೋಗಿ. ಹೆಚ್ಚುಕಡಿಮೆ ನಾಲ್ಕು ತಾಸು ಹಿಡಿಯುತ್ತದೆ. ತೋಳಿಗೆ ಸೂಜಿ ಚುಚ್ಚಿರುತ್ತಾರೆ, ಆ ಕೈ ಅಲುಗಿಸುವ ಹಾಗಿಲ್ಲ. ನಡುವೆ ಬಿಪಿ ಇಳಿಯಬಹುದು, ಮೀನಖಂಡ ಹಿಡಿದುಕೊಳ್ಳಬಹುದು. ಒಳಗೆ ಬಿಟ್ಟರೆ ಕಾಲು ಒತ್ತಿ. ಬಿಡದಿದ್ದರೆ ಹೊರಗಿನ ಬೆಂಚಿನಲ್ಲಿ ಅವನ ಹೆಂಡತಿಯ ಬದಲು ನೀವು ಕೂರಿ, ಆ ತಾಯಿ ಮನೆಗೆ ಹೋಗಿ ಒಂದು ನಿದ್ದೆ ಮಾಡಿ ಬರಲಿ. ಎಳನೀರು, ಬಾಳೆಹಣ್ಣು ಮಾತ್ರ ಒಯ್ಯಬೇಡಿ. ಅವುಗಳಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ಹೋದವರ ಹೃದಯಕ್ಕೆ ಅಪಾಯ. ರಾಯಚೂರಿನ ಬಿಸಿಲಲ್ಲಿ ಅವನು ಡಾಕ್ಟರು ಹೇಳಿದಷ್ಟೇ ನೀರು ಕುಡಿದು ಬದುಕುತ್ತಿದ್ದಾನೆ. ಅವನೆದುರು ಗಟಗಟ ನೀರು ಕುಡಿಯಬೇಡಿ.

ಪ್ರಾರ್ಥನೆ ಎರಡೇ ಮಾತಿನದಿರಲಿ, ಅವನ ಹೆಸರು ಹೇಳಿ ಮಾಡಿ. ಆಮೆನ್ ಅನ್ನದಿದ್ದರೆ ಬಿಡಿ. ಹಾಗೆಯೇ ನಿಮ್ಮ ಮನೆಯ ಕಷ್ಟವನ್ನೂ ಅವನಿಗೆ ಹೇಳಿ, "ನನಗಾಗಿ ನೀನೂ ಪ್ರಾರ್ಥನೆ ಮಾಡು" ಎಂದು ಕೇಳಿ. ಯೋಬನ ಕತೆಯ ಕೊನೆಯಲ್ಲಿ ಗೆಳೆಯರಿಗಾಗಿ ಪ್ರಾರ್ಥನೆ ಮಾಡಿದ್ದು ಮೈತುಂಬ ಹುಣ್ಣಾಗಿದ್ದ ಯೋಬನೇ.