ಹೊನೊಲುಲುವಿನಲ್ಲಿ ನಾಲ್ಕೇ ದಿನ ಇದ್ದರೆ ಬಿಷಪ್ ಮ್ಯೂಸಿಯಂಗೆ ಅರ್ಧ ದಿನ ಕೊಡಬಹುದಾ?

ಜೂನ್ ಮಧ್ಯದಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೀರಿ, ಅವರಿಗೆ ಬೀಚ್ ಬೇಗ ಬೇಜಾರಾಗುತ್ತದೆ, ಮ್ಯೂಸಿಯಂ ಹಿಡಿಸುತ್ತದಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ನಾನು ನನ್ನ ಅಮ್ಮನ ಜೊತೆ ಹೋಗಿದ್ದೆ. ನಾವು ಪುತ್ತೂರಿನವರು, ಅದು ಯಾಕೆ ಮುಖ್ಯ ಅಂತ ಆಮೇಲೆ ಹೇಳುತ್ತೇನೆ.

ಹೆಸರು ನೋಡಿ ಚರ್ಚಿನದ್ದು ಅಂದುಕೊಳ್ಳಬೇಡಿ, ಇದು ಹವಾಯಿಯ ಇತಿಹಾಸ, ಸಂಸ್ಕೃತಿಯ ಮ್ಯೂಸಿಯಂ. ಚಾರ್ಲ್ಸ್ ರೀಡ್ ಬಿಷಪ್ ಅನ್ನುವವರು ತೀರಿಹೋದ ಹೆಂಡತಿ, ರಾಜಕುಮಾರಿ ಬರ್ನಿಸ್ ಪೌಆಹಿಯ ನೆನಪಿಗೆ 1889ರಲ್ಲಿ ಶುರುಮಾಡಿದ್ದು. ಆಕೆ ಹವಾಯಿಯನ್ನು ಆಳಿದ ಕಮೆಹಮೆಹ ರಾಜವಂಶದ ಕುಡಿ. ಮನೆತನದಲ್ಲಿ ಉಳಿದುಬಂದ ವಸ್ತುಗಳೇ ಈ ಸಂಗ್ರಹದ ಬುನಾದಿ.

ನಾವು ಮಾಡಿದ ತಪ್ಪು ನೀವು ಮಾಡಬೇಡಿ. ಕಲ್ಲು ಕರಗಿಸಿ ಲಾವಾ ಸುರಿಯುವುದನ್ನು ತೋರಿಸುತ್ತಾರೆ ಅಂತ ಮೊದಲು ವಿಜ್ಞಾನದ ಕಟ್ಟಡಕ್ಕೆ ಓಡಿದೆವು. ಚೆನ್ನಾಗಿಯೇ ಇತ್ತು, ಆದರೆ ಹವಾಯಿಯನ್ ಹಾಲ್‌ಗೆ ಬರುವಷ್ಟರಲ್ಲಿ ಅಮ್ಮನ ಕಾಲು ನೋವು ಶುರು. ಆ ಹಾಲ್‌ಗೇ ಮೊದಲು ಹೋಗಿ. ಮೂರು ಅಂತಸ್ತು, ಸುತ್ತ ಕೋಆ ಅನ್ನುವ ಅಲ್ಲಿನದೇ ಮರದ ಕೆಲಸ, ನಡುವೆ ಖಾಲಿ ಜಾಗ. ಅಲ್ಲಿ 50 ಅಡಿಗೂ ಉದ್ದದ ಸ್ಪರ್ಮ್ ತಿಮಿಂಗಿಲ ತೂಗುತ್ತಿದೆ. ಒಂದು ಕಡೆಯಿಂದ ನೋಡಿದರೆ ಮೈತುಂಬ ಚರ್ಮ, ಇನ್ನೊಂದು ಕಡೆಯಿಂದ ಬರೀ ಎಲುಬು. ಎಲುಬು ನಿಜವಾದದ್ದು, ಚರ್ಮ ಕಾಗದ ಅರೆದು ಮೆತ್ತಿದ್ದು.

ಗರಿಗಳ ನಿಲುವಂಗಿ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ‘ಅಹು ಉಲಾ’ ಅನ್ನುತ್ತಾರೆ. ದೂರಕ್ಕೆ ವೆಲ್ವೆಟ್ ಥರ ಕಾಣುತ್ತದೆ. ಹತ್ತಿರ ಹೋದರೆ ಉಗುರಿನಷ್ಟು ಸಣ್ಣ ಗರಿಗಳು, ನಾರಿನ ಬಲೆಗೆ ಒಂದೊಂದು ಕುಚ್ಚಾಗಿ ಕಟ್ಟಿದ್ದು. ಹಳದಿ ಗರಿ ಕೊಡುತ್ತಿದ್ದ ಮಾಮೋ, ಓಓ ಹಕ್ಕಿಗಳು ಹೆಚ್ಚೂಕಡಿಮೆ ಪೂರ್ತಿ ಕಪ್ಪು, ಮೈಯಲ್ಲಿ ಅಲ್ಲಲ್ಲಿ ಮಾತ್ರ ಹಳದಿ. ರಾಜನ ಒಂದು ನಿಲುವಂಗಿಗೆ ಲಕ್ಷಗಟ್ಟಲೆ ಗರಿ ಬೇಕು. ಈಗ ಆ ಹಕ್ಕಿಗಳೇ ಇಲ್ಲ. ಕಾಡು ಕಡಿದದ್ದು, ಹೊರಗಿಂದ ಬಂದ ಇಲಿ, ಸೊಳ್ಳೆ ತಂದ ರೋಗ, ಎಲ್ಲ ಸೇರಿ ಮುಗಿಸಿದವು.

ಇನ್ನು ಪುತ್ತೂರಿನ ವಿಷಯ. ಹವಾಯಿಗೆ ಮೊದಲು ಬಂದು ನೆಲೆಸಿದ ಪಾಲಿನೇಷ್ಯದವರು (ಪೆಸಿಫಿಕ್ ಸಾಗರದ ದ್ವೀಪಗಳವರು) ದೋಣಿಯಲ್ಲಿ ಬರುವಾಗ ಗಿಡಗಳನ್ನೂ ತಂದರು: ಕೆಸು, ಬಾಳೆ, ತೆಂಗು, ಕಬ್ಬು, ಅರಿಶಿನ, ಜೀಗುಜ್ಜೆ. ಎಲ್ಲ ನಮ್ಮ ಊರಿನ ಗಿಡಗಳೇ. ಇದನ್ನೆಲ್ಲ ನೋಡಿ ಅಮ್ಮ ಕಾಲು ನೋವು ಮರೆತರು. ಅಲ್ಲಿನವರಿಗೆ ಕೆಸು ಬರೀ ಗಡ್ಡೆ ಅಲ್ಲ, ಒಡಹುಟ್ಟಿದ ಅಣ್ಣನೇ. ಸತ್ತು ಹುಟ್ಟಿದ ಮೊದಲ ಮಗುವನ್ನು ಹೂಳಿದಲ್ಲಿ ಕೆಸು ಚಿಗುರಿತು, ಆಮೇಲೆ ಹುಟ್ಟಿದ ತಮ್ಮ ಹಾಲೋಆನಿಂದ ಮನುಷ್ಯರು ಅಂತ ಕಥೆ. ಕೆಸುವಿನ ಗಡ್ಡೆ ಬೇಯಿಸಿ ಅರೆದ ಪೋಯಿ ಮುಂದಿದ್ದಾಗ ಜಗಳ ಆಡಬಾರದಂತೆ. “ಅಯ್ಯೋ, ನಾವು ಅಣ್ಣನ ಎಲೆಗೇ ಹಿಟ್ಟು ಮೆತ್ತಿ ಪತ್ರೊಡೆ ಮಾಡ್ತೇವಲ್ಲ!” ಅಂದರು ಅಮ್ಮ.

ಮೂರನೇ ಮಹಡಿ ಬಿಡಬೇಡಿ. 1893ರಲ್ಲಿ ಹವಾಯಿಯ ರಾಣಿ ಲಿಲಿಉಓಕಲಾನಿಯನ್ನು ಪಟ್ಟದಿಂದ ಇಳಿಸಿದ್ದು, 1898ರಲ್ಲಿ ಅಮೆರಿಕ ದ್ವೀಪಗಳನ್ನು ಸೇರಿಸಿಕೊಂಡದ್ದು, ಆ ಕಥೆ ವಾಯ್ಕೀಕಿ ಬೀಚಿನ ಹೋಟೆಲುಗಳಲ್ಲಿ ಯಾರೂ ನಿಮಗೆ ಹೇಳುವುದಿಲ್ಲ.

ಕಾಲಿಗೆ ವಿಶ್ರಾಂತಿ ಬೇಕಾದಾಗ ಮ್ಯೂಸಿಯಂನ ತಾರಾಲಯಕ್ಕೆ ಹೋಗಿ ಕೂರಿ. ಅದಕ್ಕೆ ವಾಟುಮುಲ್ ಹೆಸರಿದೆ, ಸಿಂಧ್‌ನಿಂದ ಹೋಗಿ ಹೊನೊಲುಲುವಿನಲ್ಲಿ ಅಂಗಡಿ ಹಾಕಿದ ಮನೆತನ. ದಿಕ್ಸೂಚಿ ಇಲ್ಲದೆ ನಕ್ಷತ್ರ ನೋಡಿ ದೋಣಿ ನಡೆಸುವ ವಿದ್ಯೆ ಬಗ್ಗೆ ಪ್ರದರ್ಶನ ಇದ್ದರೆ ಅದನ್ನೇ ಆರಿಸಿ. 1976ರಲ್ಲಿ ಹೋಕುಲೆಆ ಅನ್ನುವ ದೋಣಿ ಹವಾಯಿಯಿಂದ ಹೊರಟು ಹಾಗೆಯೇ ತಾಹಿತಿ ದ್ವೀಪ ಮುಟ್ಟಿತು. ದೋಣಿಯ ಹೆಸರು ಒಂದು ನಕ್ಷತ್ರದ್ದು. ಹವಾಯಿಯ ನೆತ್ತಿಯ ಮೇಲೆ ಹಾದುಹೋಗುವುದರಿಂದ, ಅದು ತಲೆ ಮೇಲೆ ಬಂತು ಅಂದರೆ ಊರಿನ ಸಾಲಿಗೆ (ಅಕ್ಷಾಂಶಕ್ಕೆ) ಬಂದೆವು ಅಂತ ಲೆಕ್ಕ. ಯಾವ ನಕ್ಷತ್ರ ಗೊತ್ತಾ? ನಮ್ಮ ಸ್ವಾತಿ. ನೀವು ಹೋಗುವ ದಿನಗಳಲ್ಲಿ ರಾತ್ರಿ ಒಂಬತ್ತು, ಒಂಬತ್ತೂವರೆಗೆ ಬೀಚ್‌ನಲ್ಲಿ ಮಲಗಿ ನೇರ ಮೇಲೆ ನೋಡಿ, ಸ್ವಲ್ಪ ಕಿತ್ತಳೆ ಬಣ್ಣದ್ದು. ಅಪ್ಪ ಅಮ್ಮನಿಗೆ ನೀವು ತೋರಿಸಬೇಕಾಗಿಲ್ಲ, ಅವರೇ ಗುರುತು ಹಿಡಿದಾರು.