‘ಲೈನ್’ ಅಂದರೆ ಗೆರೆ ಮಾತ್ರಾನಾ?

‘ಲೈನ್ ಅಂದರೆ ಗೆರೆ ಅಂತ ಸ್ಕೂಲಲ್ಲಿ ಕಲಿತೆ. ಕೊಡಗಿಗೆ ಬಂದರೆ ಲೈನ್ ಮನೆ ಅಂತಾರೆ, ಲೈನ್ ಹೋಯ್ತು ಅಂತಾರೆ. ಒಂದು ಪದಕ್ಕೆ ಇಷ್ಟು ಅರ್ಥ ಹೇಗೆ?’ ಅಂತ ಕೇಳಿದ್ದೀರಿ.

ನಾನು ಸಿದ್ದಾಪುರದ ಹತ್ತಿರ ಕಾಫಿ ತೋಟದಲ್ಲಿ ಬೆಳೆದವನು. ಗೆರೆಯನ್ನು ಸ್ವಲ್ಪ ಮರೆತು ಹಗ್ಗದಿಂದ ಶುರು ಮಾಡಿ, ಸುಲಭವಾಗುತ್ತದೆ. ಲ್ಯಾಟಿನ್‌ನಲ್ಲಿ ‘ಲೀನಮ್’ ಅಂದರೆ ಅಗಸೆ. ಅದರ ನಾರಿನ ದಾರ ‘ಲೀನಿಯಾ’. ಲೈನ್ ಅಲ್ಲಿಂದಲೇ ಬಂದಿದ್ದು. ಲಿನನ್ ಬಟ್ಟೆಯೂ ಅದೇ ಬೇರಿನದು. ಎಳೆದು ಹಿಡಿದ ದಾರ ನೆಟ್ಟಗಿರುತ್ತದೆ ಅಲ್ವಾ, ಗೆರೆ ಅನ್ನೋ ಅರ್ಥ ಹುಟ್ಟಿದ್ದು ಹಾಗೆ. ಬಟ್ಟೆ ಒಣಹಾಕುವ ಹಗ್ಗ, ಗಾಳದ ದಾರ, ಎರಡಕ್ಕೂ ಇಂಗ್ಲಿಷಿನಲ್ಲಿ ಇವತ್ತಿಗೂ ಲೈನ್ ಅಂತಲೇ ಹೆಸರು.

ನನಗೆ ಇದು ಅರ್ಥವಾಗಿದ್ದು ತೋಟದಲ್ಲಿ. ಹೊಸದಾಗಿ ರೊಬಸ್ಟಾ ಕಾಫಿ ಗಿಡ ಹಾಕುವ ಮುಂಚೆ ‘ಲೈನಿಂಗ್’ ಮಾಡುತ್ತೇವೆ. ಅಪ್ಪ ಉದ್ದದ ಹಗ್ಗಕ್ಕೆ 10 ಅಡಿಗೊಂದು ಕೆಂಪು ಬಟ್ಟೆ ಚೂರು ಕಟ್ಟಿರುತ್ತಿದ್ದರು. ಒಂದು ತುದಿ ಅವರ ಕೈಲಿ, ಇನ್ನೊಂದು ನನ್ನ ಕೈಲಿ. ಬಟ್ಟೆ ಚೂರು ಬಂದ ಕಡೆಯೆಲ್ಲ ಗೂಟ, ಆಮೇಲೆ ಗುಂಡಿ. ಹಗ್ಗ ಚೂರು ಜೋತರೂ ‘ಲೈನ್ ಬಿಗಿ ಹಿಡಿ!’ ಅಂತ ಕೂಗುತ್ತಿದ್ದರು. ಸಂಜೆ ಹೊತ್ತಿಗೆ ಇಳಿಜಾರಿನ ತುಂಬ ಗೂಟಗಳ ಸಾಲು. ಆ ಸಾಲಿಗೂ ಲೈನ್ ಅಂತಲೇ ಅನ್ನುತ್ತಿದ್ದೆವು.

ಲೈನ್ ಮನೆಯೂ ಸಾಲಿನದೇ ಮಾತು. ಒಂದೇ ಮಾಡಿನ ಕೆಳಗೆ, ಗೋಡೆಗೆ ಗೋಡೆ ತಾಗಿಕೊಂಡು ಸಾಲಾಗಿರುವ ಕಾರ್ಮಿಕರ ಮನೆಗಳು. ಬ್ರಿಟಿಷರು ಸೈನಿಕರ ಸಾಲು ವಸತಿಯನ್ನೂ ‘ಲೈನ್ಸ್’ ಅಂತಲೇ ಕರೆಯುತ್ತಿದ್ದರು. ನಮ್ಮಲ್ಲಿ ‘ಮನೆ’ ಕೂಡ ಬಿಟ್ಟುಹೋಗಿದೆ. ‘ಲೈನಲ್ಲಿ ಇವತ್ತು ಮದುವೆ’ ಅಂದರೆ ಸಾಕು, ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ನನಗೆ ಆ ಪದ ಕೇಳಿದರೆ ಸಂಜೆಯ ಸೌದೆ ಹೊಗೆ ನೆನಪಾಗುತ್ತದೆ.

ಇನ್ನು ‘ಲೈನ್ ಹೋಯ್ತು’. ಇಲ್ಲಿ ಲೈನ್ ಅಂದರೆ ಕರೆಂಟ್ ತಂತಿ. ಜುಲೈ ಮಳೆಗೆ ತಂತಿ ಮೇಲೆ ಮರ ಬಿದ್ದರೆ ಲೈನ್‌ಮ್ಯಾನ್ ಬರುವವರೆಗೂ ಕತ್ತಲೆ. ‘ಲೈನ್ ಹೊಡೆಯೋದು’ ನಾವೇ ಕಟ್ಟಿಕೊಂಡಿದ್ದು, ಇಂಗ್ಲಿಷಿನವರಿಗೆ ಅರ್ಥವಾಗಲ್ಲ.

ಅವರು ‘ಡ್ರಾಪ್ ಮಿ ಎ ಲೈನ್’ ಅಂದರೆ ಹಗ್ಗ ಹುಡುಕಬೇಡಿ. ‘ಎರಡು ಸಾಲು ಬರೆದು ಹಾಕು’ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರಲ್ಲ, ಅದೇ ಮಾತು.